ವಿದೇಶದಲ್ಲಿ ಫಾರ್ಮಸಿಸ್ಟ್ ನೋಂದಣಿ: ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದ ಪದವೀಧರರ ದಾರಿ

ಒಂದು ದೇಶದಲ್ಲಿ ಫಾರ್ಮಸಿ ಓದಿದವರು ಮತ್ತೊಂದು ದೇಶದಲ್ಲಿ ರೋಗಿಗಳಿಗೆ ಔಷಧ ವಿತರಿಸಬೇಕಾದರೆ ಅಲ್ಲಿನ ನಿಯಂತ್ರಣ ಸಂಸ್ಥೆಯ ಅನುಮತಿ ಪಡೆಯಬೇಕು. ಇದನ್ನು ನೋಂದಣಿ ಅಥವಾ ಪರವಾನಗಿ ಎನ್ನುತ್ತಾರೆ. ಇದು ವೀಸಾಕ್ಕಿಂತ ಬೇರೆ: ವೀಸಾ ದೇಶದೊಳಗೆ ಇರಲು ಅವಕಾಶ ಕೊಡುತ್ತದೆ, ನೋಂದಣಿ ವೃತ್ತಿ ಮಾಡಲು ಹಕ್ಕು ಕೊಡುತ್ತದೆ. ಒಂದು ಸಿಕ್ಕಿತೆಂದು ಇನ್ನೊಂದು ತಾನಾಗಿ ಸಿಗುವುದಿಲ್ಲ. ಬಹುತೇಕ ದೇಶಗಳು ಹೊರಗಿನಿಂದ ಬಂದ ಫಾರ್ಮಸಿಸ್ಟರಲ್ಲಿ ನಾಲ್ಕು ಸಂಗತಿಗಳನ್ನು ಪರಿಶೀಲಿಸುತ್ತವೆ: ವ್ಯಾಸಂಗದ ಮಟ್ಟ ಮತ್ತು ಅವಧಿ, ದಾಖಲೆಗಳ ಸಾಚಾತನ, ಭಾಷಾ ಸಾಮರ್ಥ್ಯ, ವೃತ್ತಿಜ್ಞಾನ. ಇವುಗಳಲ್ಲಿ ಭಾಷೆ ಮತ್ತು ವೃತ್ತಿಜ್ಞಾನವನ್ನು ಅಭ್ಯಾಸದಿಂದ ಹೆಚ್ಚಿಸಿಕೊಳ್ಳಬಹುದು. ಮೊದಲಿನ ಎರಡು ಮಾತ್ರ ಊರಲ್ಲಿದ್ದಾಗಲೇ, ಪಿಯುಸಿ ಮುಗಿಸಿ ಕೋರ್ಸ್ ಆಯ್ದುಕೊಳ್ಳುವಾಗ ಮತ್ತು ಅಂಕಪಟ್ಟಿಗಳಲ್ಲಿ ಹೆಸರು ದಾಖಲಾಗುವಾಗ, ಬಹುಪಾಲು ತೀರ್ಮಾನವಾಗಿರುತ್ತವೆ. ಈ ಲೇಖನ ವಿಜಯಪುರ ನಗರ ಮತ್ತು ಅದರ ಪಶ್ಚಿಮಕ್ಕಿರುವ ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಪದವೀಧರರನ್ನು ಮುಂದಿಟ್ಟುಕೊಂಡು ಈ ಪ್ರಕ್ರಿಯೆಯನ್ನು ವಿವರಿಸುತ್ತದೆ.

ಪ್ರದೇಶ ಮತ್ತು ಶಿಕ್ಷಣದ ಹಿನ್ನೆಲೆ

ವಿಜಯಪುರದಲ್ಲಿ ಆಧುನಿಕ ಉನ್ನತ ಶಿಕ್ಷಣ ಬೆಳೆದದ್ದು ಹೆಚ್ಚಾಗಿ ಬಿಎಲ್‌ಡಿಇ ಸಂಸ್ಥೆಯ ಆಶ್ರಯದಲ್ಲಿ. ವಚನ ಸಂಶೋಧಕ ಫ.ಗು. ಹಳಕಟ್ಟಿಯವರು 1910ರಲ್ಲಿ ಕಟ್ಟಿದ ಈ ಸಂಸ್ಥೆ ಮುಂದೆ ಬಂಥನಾಳದ ಸಂಗನಬಸವ ಸ್ವಾಮೀಜಿಯವರ ಕಾಲದಲ್ಲಿ ವಿಸ್ತಾರಗೊಂಡಿತು. ಅವರ ಹೆಸರನ್ನೇ ಹೊತ್ತ ಎಸ್‌ಎಸ್‌ಎಂ ಫಾರ್ಮಸಿ ಕಾಲೇಜು ಮತ್ತು ಸಂಶೋಧನಾ ಕೇಂದ್ರ ನಗರದಲ್ಲಿದೆ. ಅದೇ ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಸೋಲಾಪುರ ರಸ್ತೆಯಲ್ಲಿದೆ. ಸುತ್ತಲಿನ ವಿದ್ಯಾರ್ಥಿಗಳು ಬಾಗಲಕೋಟೆ, ಕಲಬುರಗಿ, ಬೆಳಗಾವಿ, ಹುಬ್ಬಳ್ಳಿಗಳ ಫಾರ್ಮಸಿ ಕಾಲೇಜುಗಳಿಗೂ ಹೋಗುತ್ತಾರೆ.

ತಿಕೋಟಾ ಮತ್ತು ಬಬಲೇಶ್ವರ ಮೊದಲು ವಿಜಯಪುರ ತಾಲ್ಲೂಕಿನಲ್ಲಿಯೇ ಇದ್ದವು. 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಇವೆರಡೂ ಸೇರಿದವು. ತಿಕೋಟಾ ವಿಜಯಪುರದಿಂದ ಅಥಣಿಗೆ ಹೋಗುವ ದಾರಿಯಲ್ಲಿದೆ, ದ್ರಾಕ್ಷಿ ಮತ್ತು ಒಣದ್ರಾಕ್ಷಿಗೆ ಹೆಸರಾದ ಸೀಮೆ. ಬಬಲೇಶ್ವರ ಜಮಖಂಡಿಯ ಕಡೆಗಿದೆ. ತಿಕೋಟಾ ಭಾಗಕ್ಕೆ ಮಹಾರಾಷ್ಟ್ರದ ಜತ್ತ ತಾಲ್ಲೂಕು ಹತ್ತಿರ, ಜತ್ತದ ಹಳ್ಳಿಗಳಲ್ಲಿ ಕನ್ನಡ ಮಾತಾಡುವವರು ಬಹಳ. ಹೀಗಾಗಿ ಗಡಿಯ ಎರಡೂ ಬದಿಯ ಕನ್ನಡ ವಿದ್ಯಾರ್ಥಿಗಳಿಗೆ ಸಾಂಗ್ಲಿ, ಸೋಲಾಪುರ, ಕೊಲ್ಹಾಪುರಗಳ ಕಾಲೇಜುಗಳೂ ಕೈಗೆ ಸಿಗುವಂಥವು. ವಿದೇಶದ ನೋಂದಣಿಯ ಹೊತ್ತಿಗೆ ಈ ಆಯ್ಕೆಗೆ ಮಹತ್ವ ಬರುತ್ತದೆ. ಕರ್ನಾಟಕದಲ್ಲಿ ಓದಿದವರ ದಾಖಲೆಗಳು ಬಹುಪಾಲು ಬೆಂಗಳೂರಿನಿಂದ ದೃಢೀಕರಣಗೊಳ್ಳಬೇಕು, ಮಹಾರಾಷ್ಟ್ರದಲ್ಲಿ ಓದಿದವರವು ಆ ರಾಜ್ಯದ ವಿಶ್ವವಿದ್ಯಾಲಯ ಅಥವಾ ಪರೀಕ್ಷಾ ಮಂಡಳಿಯಿಂದ.

ಭಾರತದ ಕೋರ್ಸುಗಳು ಮತ್ತು ನೋಂದಣಿ

ಭಾರತದಲ್ಲಿ ಫಾರ್ಮಸಿ ವೃತ್ತಿ 1948ರ ಫಾರ್ಮಸಿ ಕಾಯ್ದೆಯ ಅಡಿಯಲ್ಲಿದೆ. ಆ ಕಾಯ್ದೆಯಂತೆ 1949ರಲ್ಲಿ ಭಾರತೀಯ ಫಾರ್ಮಸಿ ಪರಿಷತ್ತು, ಅಂದರೆ ಪಿಸಿಐ, ರಚನೆಯಾಯಿತು. ಪಠ್ಯಕ್ರಮ ಮತ್ತು ಕಾಲೇಜುಗಳ ಮಾನ್ಯತೆ ಪಿಸಿಐಗೆ ಸೇರಿದ್ದು. ಹೆಸರು ನೋಂದಾಯಿಸಿಕೊಳ್ಳುವುದು ರಾಜ್ಯ ಪರಿಷತ್ತುಗಳ ಕೆಲಸ. ಕಾಯ್ದೆಯ 42ನೆಯ ಕಲಮಿನಂತೆ ವೈದ್ಯರ ಚೀಟಿಯ ಮೇಲೆ ಔಷಧ ವಿತರಿಸುವ ಹಕ್ಕು ನೋಂದಾಯಿತ ಫಾರ್ಮಸಿಸ್ಟರಿಗೆ ಮಾತ್ರ ಇದೆ. ವಿಜಯಪುರದ ಪದವೀಧರರ ನೋಂದಣಿ ಬೆಂಗಳೂರಿನ ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ಆಗುತ್ತದೆ.

ನೋಂದಣಿಗೆ ಅರ್ಹವಾದ ಕೋರ್ಸುಗಳಲ್ಲಿ ಮುಖ್ಯವಾದವು ಮೂರು. ಡಿ.ಫಾರ್ಮ್ ಎರಡು ವರ್ಷದ ಡಿಪ್ಲೊಮಾ, ಅದರ ಜೊತೆಗೆ ಆಸ್ಪತ್ರೆ ಅಥವಾ ಔಷಧ ಅಂಗಡಿಯಲ್ಲಿ 500 ಗಂಟೆಗಳ ತರಬೇತಿ ಇರುತ್ತದೆ. ಬಿ.ಫಾರ್ಮ್ ನಾಲ್ಕು ವರ್ಷದ ಪದವಿ. ಫಾರ್ಮ್.ಡಿ ಆರು ವರ್ಷದ್ದು, ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯ ಇಂಟರ್ನ್‌ಶಿಪ್. ಈ ಕೋರ್ಸಿನ ನಿಯಮಾವಳಿ 2008ರಲ್ಲಿ ಬಂದಿತು. ಡಿ.ಫಾರ್ಮ್ ಮುಗಿಸಿದವರು ಬಿ.ಫಾರ್ಮ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಬಿ.ಫಾರ್ಮ್ ಮುಗಿಸಿದವರಿಗೆ ಮೂರು ವರ್ಷದ ಫಾರ್ಮ್.ಡಿ ಪೋಸ್ಟ್ ಬ್ಯಾಕಲಾರಿಯೇಟ್ ಕೋರ್ಸೂ ಇದೆ. ಎಂ.ಫಾರ್ಮ್ ಎರಡು ವರ್ಷದ ಸ್ನಾತಕೋತ್ತರ ಪದವಿ.

ಊರಿನ ಮೆಡಿಕಲ್ ಅಂಗಡಿಯಲ್ಲಿ ಕೆಲಸ ಮಾಡಲು ಈ ಮೂರೂ ಕೋರ್ಸಿನವರ ನೋಂದಣಿಗೂ ಒಂದೇ ಬೆಲೆ. ಎರಡು ವರ್ಷ ಓದಿದವರ ಹೆಸರಿನಲ್ಲೂ ಆರು ವರ್ಷ ಓದಿದವರ ಹೆಸರಿನಲ್ಲೂ ಅಂಗಡಿಯ ಲೈಸೆನ್ಸ್ ನಡೆಯುತ್ತದೆ. ವಿದೇಶದಲ್ಲಿ ಈ ಸಮಾನತೆ ಇಲ್ಲ. ಡಿ.ಫಾರ್ಮ್ ಓದಿದವರನ್ನು ಕೊಲ್ಲಿಯ ಕೆಲವು ದೇಶಗಳು ಸಹಾಯಕ ಫಾರ್ಮಸಿಸ್ಟ್ ಅಥವಾ ಟೆಕ್ನಿಷಿಯನ್ ದರ್ಜೆಗೆ ಪರಿಗಣಿಸುತ್ತವೆ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳ ಫಾರ್ಮಸಿಸ್ಟ್ ದರ್ಜೆಗೆ ಅದು ಸಾಲದು, ಪದವಿಯೇ ಬೇಕು. ಅಮೆರಿಕಕ್ಕೆ ಇತ್ತೀಚಿನ ಬಿ.ಫಾರ್ಮ್ ಕೂಡ ಸಾಲದು.

ದಾಖಲೆಗಳ ಜೋಡಣೆ

ಎಲ್ಲ ದೇಶಗಳಿಗೂ ಸಾಮಾನ್ಯವಾಗಿ ಬೇಕಾಗುವ ಕಾಗದಪತ್ರಗಳು ಇವು: ಪಾಸ್‌ಪೋರ್ಟ್, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಫಾರ್ಮಸಿ ಕೋರ್ಸಿನ ಪ್ರತಿ ವರ್ಷದ ಅಥವಾ ಸೆಮಿಸ್ಟರಿನ ಅಂಕಪಟ್ಟಿ, ಘಟಿಕೋತ್ಸವದ ಪದವಿ ಪ್ರಮಾಣಪತ್ರ, ವಿಶ್ವವಿದ್ಯಾಲಯ ಕೊಡುವ ಟ್ರಾನ್ಸ್‌ಕ್ರಿಪ್ಟ್, ಪಠ್ಯಕ್ರಮದ ವಿವರ, ರಾಜ್ಯ ಪರಿಷತ್ತಿನ ನೋಂದಣಿ ಪತ್ರ, ಗುಡ್ ಸ್ಟ್ಯಾಂಡಿಂಗ್ ಪ್ರಮಾಣಪತ್ರ ಮತ್ತು ಕೆಲಸದ ಅನುಭವ ಪತ್ರ. ಗುಡ್ ಸ್ಟ್ಯಾಂಡಿಂಗ್ ಪ್ರಮಾಣಪತ್ರವೆಂದರೆ ಅಭ್ಯರ್ಥಿಯ ನೋಂದಣಿ ಚಾಲ್ತಿಯಲ್ಲಿದೆ, ಶಿಸ್ತುಕ್ರಮ ಇಲ್ಲ ಎಂದು ಪರಿಷತ್ತು ಕೊಡುವ ಹೇಳಿಕೆ. ಇದಕ್ಕೆ ಅಲ್ಪಾವಧಿಯ ಮಾನ್ಯತೆ ಮಾತ್ರ ಇರುವುದರಿಂದ ಅರ್ಜಿಯ ಹೊತ್ತಿಗೆ ಹೊಸದಾಗಿ ಪಡೆಯಬೇಕಾಗುತ್ತದೆ. ಊರಲ್ಲಿದ್ದಾಗ ನವೀಕರಣ ತಪ್ಪಿಸಿಕೊಂಡವರು ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು.

ದಾಖಲೆ ಕೊಡುವ ಕಚೇರಿ ಯಾವುದೆಂಬುದು ಓದಿದ ಕಾಲ ಮತ್ತು ಕೋರ್ಸಿನ ಮೇಲೆ ನಿಲ್ಲುತ್ತದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬೆಂಗಳೂರಿನಲ್ಲಿ 1996ರಲ್ಲಿ ಸ್ಥಾಪನೆಯಾಯಿತು. ವಿಜಯಪುರದಲ್ಲಿ ಅದಕ್ಕೆ ಮೊದಲಿನ ತಂಡಗಳ ಬಿ.ಫಾರ್ಮ್ ಪದವಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು, ನಂತರದ್ದು ರಾಜೀವ್ ಗಾಂಧಿ ವಿಶ್ವವಿದ್ಯಾಲಯದ್ದು. ಕರ್ನಾಟಕದ ಡಿ.ಫಾರ್ಮ್ ಪರೀಕ್ಷೆಗಳನ್ನು ನಡೆಸುವುದು ಔಷಧ ನಿಯಂತ್ರಣ ಇಲಾಖೆಯ ಪರೀಕ್ಷಾ ಪ್ರಾಧಿಕಾರ ಮಂಡಳಿ, ಅದೂ ಬೆಂಗಳೂರಿನಲ್ಲಿಯೇ ಇದೆ. ಮಹಾರಾಷ್ಟ್ರದ ಡಿ.ಫಾರ್ಮ್ ಆದರೆ ಆ ರಾಜ್ಯದ ತಾಂತ್ರಿಕ ಶಿಕ್ಷಣ ಮಂಡಳಿ. ವಿಜಯಪುರದಿಂದ ಬೆಂಗಳೂರು 500 ಕಿ.ಮೀ.ಗೂ ಹೆಚ್ಚು ದೂರ. ಆನ್‌ಲೈನ್ ಅರ್ಜಿ ಬರುವ ಮುನ್ನ ಟ್ರಾನ್ಸ್‌ಕ್ರಿಪ್ಟಿಗೂ ಪರಿಷತ್ತಿನ ಕೆಲಸಕ್ಕೂ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲೋ ರಾತ್ರಿ ಬಸ್ಸಿನಲ್ಲೋ ಹೋಗಿ ಬರುವುದೇ ರೂಢಿಯಾಗಿತ್ತು.

ಈ ಭಾಗದವರ ಅರ್ಜಿಗಳಲ್ಲಿ ಎರಡು ತೊಡಕುಗಳಿಗೆ ಹೆಚ್ಚು ಅವಕಾಶವಿದೆ. ಮೊದಲನೆಯದು ವ್ಯಕ್ತಿಯ ಹೆಸರು. ಉತ್ತರ ಕರ್ನಾಟಕದಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ ವಾಡಿಕೆಯಲ್ಲಿದೆ. ಶಾಲೆಯ ದಾಖಲೆಯಲ್ಲಿ ಕೆಲವೊಮ್ಮೆ ಅಡ್ಡಹೆಸರು ಮೊದಲು ಬರುತ್ತದೆ, ಪದವಿ ಪತ್ರದಲ್ಲಿ ತಂದೆಯ ಹೆಸರು ಇನಿಷಿಯಲ್ ಆಗುತ್ತದೆ, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಉಳಿಯುತ್ತದೆ. ಮದುವೆಯ ನಂತರ ಹೆಣ್ಣುಮಕ್ಕಳ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರೂ ಅವರ ಮನೆತನದ ಅಡ್ಡಹೆಸರೂ ಸೇರಿದ್ದರೆ ಅದು ಇನ್ನೊಂದು ರೂಪ. ವಿದೇಶಿ ಸಂಸ್ಥೆಗಳು ಈ ಎಲ್ಲ ರೂಪಗಳೂ ಒಬ್ಬರದೇ ಎಂಬುದಕ್ಕೆ ನೋಟರಿ ಅಫಿಡವಿಟ್, ಮದುವೆ ನೋಂದಣಿ ಪತ್ರ ಅಥವಾ ರಾಜಪತ್ರದ ಪ್ರಕಟಣೆ ಕೇಳುತ್ತವೆ.

ಎರಡನೆಯದು ಊರಿನ ಹೆಸರು. 2014ರ ನವೆಂಬರ್ 1ರಂದು ಬಿಜಾಪುರ ಅಧಿಕೃತವಾಗಿ ವಿಜಯಪುರ ಆಯಿತು. ಅದಕ್ಕೂ ಹಿಂದೆ, 1997ರಲ್ಲಿ, ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ನಂತರ ತಿಕೋಟಾ, ಬಬಲೇಶ್ವರ ಬೇರೆ ತಾಲ್ಲೂಕುಗಳಾದವು. ಹೀಗಾಗಿ ಒಬ್ಬರದೇ ಜನ್ಮಸ್ಥಳ ಹಳೆಯ ಪಾಸ್‌ಪೋರ್ಟಿನಲ್ಲಿ ಬಿಜಾಪುರ ಎಂದೂ ಹೊಸ ದಾಖಲೆಯಲ್ಲಿ ವಿಜಯಪುರ ಎಂದೂ ಇರಬಹುದು, ಕಾಲೇಜಿನ ವಿಳಾಸವೂ ಎರಡು ಬಗೆಯಲ್ಲಿರಬಹುದು. ಕರ್ನಾಟಕದ ಹೊರಗಿನ ಪರಿಶೀಲಕರಿಗೆ ಎರಡೂ ಒಂದೇ ಊರೆಂದು ಹೊಳೆಯುವುದಿಲ್ಲ. ಸರ್ಕಾರಿ ಅಧಿಸೂಚನೆಯ ಪ್ರತಿ ಅಥವಾ ಕಾಲೇಜಿನ ಪತ್ರ ಲಗತ್ತಿಸಿದರೆ ಪ್ರಶ್ನೆ ಬಗೆಹರಿಯುತ್ತದೆ.

ಪ್ರಮಾಣಪತ್ರಗಳ ದೃಢೀಕರಣಕ್ಕೂ ಎರಡು ಪದ್ಧತಿಗಳಿವೆ. ಹೇಗ್ ಅಪೊಸ್ಟಿಲ್ ಒಪ್ಪಂದ ಭಾರತದಲ್ಲಿ 2005ರ ಜುಲೈನಿಂದ ಜಾರಿಯಲ್ಲಿದೆ. ಒಪ್ಪಂದಕ್ಕೆ ಸೇರಿದ ದೇಶಗಳಿಗೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಸಾಕು. ಸೌದಿ ಅರೇಬಿಯಾದಲ್ಲಿ ಇದು 2022ರ ಡಿಸೆಂಬರಿನಿಂದ, ಕೆನಡಾದಲ್ಲಿ 2024ರ ಜನವರಿಯಿಂದ ಜಾರಿಗೆ ಬಂತು. ಒಪ್ಪಂದದಲ್ಲಿಲ್ಲದ ದೇಶಗಳಿಗೆ ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಆ ದೇಶದ ರಾಯಭಾರ ಕಚೇರಿ ಎಂಬ ಮೂರು ಹಂತದ ದೃಢೀಕರಣ ಬೇಕು. ಯುಎಇ ಮತ್ತು ಕತಾರಿಗೆ ಹೋಗುವವರು ಬಹುಕಾಲದಿಂದ ಈ ಎರಡನೆಯ ದಾರಿಯನ್ನೇ ಹಿಡಿದಿದ್ದಾರೆ. ಮೆಟ್ರಿಕ್ ದಾಟಿದವರಿಗೆ ಪಾಸ್‌ಪೋರ್ಟಿನಲ್ಲಿ ವಲಸೆ ತಪಾಸಣೆಯ ಷರತ್ತು ಇರುವುದಿಲ್ಲ. ಆದರೂ ಏಜೆಂಟರ ಮೂಲಕ ಕೆಲಸ ಹುಡುಕುವವರು, ಆ ಏಜೆಂಟರು 1983ರ ವಲಸೆ ಕಾಯ್ದೆಯ ಅಡಿಯಲ್ಲಿ ನೋಂದಾಯಿತರೇ ಎಂಬುದನ್ನು ಇ-ಮೈಗ್ರೇಟ್ ತಾಣದಲ್ಲಿ ಪರೀಕ್ಷಿಸಬಹುದು.

ಭಾಷಾ ಪರೀಕ್ಷೆ

ಬ್ರಿಟನ್, ಐರ್ಲೆಂಡ್, ಕೆನಡಾ, ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳು ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳುತ್ತವೆ. ಐಇಎಲ್‌ಟಿಎಸ್, ಟೋಫೆಲ್ ಮತ್ತು ಆರೋಗ್ಯ ವೃತ್ತಿಯವರಿಗಾಗಿಯೇ ಇರುವ ಒಇಟಿ ಇವುಗಳಲ್ಲಿ ಮುಖ್ಯವಾದವು. ಒಇಟಿಯಲ್ಲಿ ಫಾರ್ಮಸಿಗೆ ಪ್ರತ್ಯೇಕ ಪ್ರಶ್ನೆಪತ್ರಿಕೆ ಉಂಟು: ರೋಗಿಯ ಜೊತೆ ಮಾತುಕತೆ, ವೈದ್ಯರಿಗೆ ಪತ್ರ ಬರೆಯುವುದು ಇತ್ಯಾದಿ. ಬ್ರಿಟನ್ ಐಇಎಲ್‌ಟಿಎಸ್ ಅಕಾಡೆಮಿಕ್‌ನ ನಾಲ್ಕೂ ಭಾಗಗಳಲ್ಲಿ ಒಂದೇ ಬಾರಿಗೆ ಕನಿಷ್ಠ 7 ಕೇಳುತ್ತದೆ. ಒಟ್ಟು ಸರಾಸರಿ ಎಷ್ಟೇ ಚೆನ್ನಾಗಿದ್ದರೂ ಒಂದು ಭಾಗದಲ್ಲಿ 6.5 ಬಂದರೆ ಅರ್ಜಿ ನಿಲ್ಲುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಫಾರ್ಮಸಿಯನ್ನು ಇಂಗ್ಲಿಷಿನಲ್ಲಿ ಓದಿದವರಿಗೆ ಓದುವ ಭಾಗ ಸಾಧಾರಣವಾಗಿ ಸುಲಭ. ಪುಸ್ತಕದ ಇಂಗ್ಲಿಷ್ ಮಾತಿಗಿಳಿಯಬೇಕಾದ ಭಾಗಕ್ಕೂ ಬರವಣಿಗೆಗೂ ಹೆಚ್ಚು ಅಭ್ಯಾಸ ಬೇಕು. ಕೊಲ್ಲಿ ದೇಶಗಳ ಪರವಾನಗಿ ಪರೀಕ್ಷೆಗಳು ಇಂಗ್ಲಿಷಿನಲ್ಲಿಯೇ ನಡೆಯುತ್ತವೆ. ಅಲ್ಲಿನ ಕೌಂಟರಿನಲ್ಲಿ ಮಾತ್ರ ಅರಬಿ, ಹಿಂದಿ, ಉರ್ದು ಬಲ್ಲವರಿಗೆ ಅನುಕೂಲ ಹೆಚ್ಚು. ದಖನಿ ಉರ್ದು ಅನೇಕರ ಮನೆಮಾತಾಗಿರುವ ವಿಜಯಪುರದಂಥ ನಗರದವರಿಗೆ ಇದರಲ್ಲಿ ಕೊಂಚ ಮುನ್ನಡೆ ಇದೆ.

ಕೊಲ್ಲಿ ದೇಶಗಳು

ನಾಲ್ಕು ವರ್ಷದ ಬಿ.ಫಾರ್ಮ್ ಹಿಡಿದವರಿಗೆ ಅತಿ ಕಡಿಮೆ ಹಂತಗಳ ದಾರಿ ಕೊಲ್ಲಿ ದೇಶಗಳದು. ಮತ್ತೆ ಕಾಲೇಜಿಗೆ ಹೋಗಬೇಕಿಲ್ಲ, ದೀರ್ಘ ಇಂಟರ್ನ್‌ಶಿಪ್ ಇಲ್ಲ. ದಾಖಲೆ ಪರಿಶೀಲನೆ ಮತ್ತು ಒಂದು ಕಂಪ್ಯೂಟರ್ ಪರೀಕ್ಷೆ ಇದರ ತಿರುಳು.

ಯುಎಇಯಲ್ಲಿ ಪರವಾನಗಿ ಕೊಡುವ ಸಂಸ್ಥೆಗಳು ಮೂರು: ದುಬೈಗೆ ದುಬೈ ಆರೋಗ್ಯ ಪ್ರಾಧಿಕಾರ, ಅಬುಧಾಬಿಗೆ ಅಲ್ಲಿನ ಆರೋಗ್ಯ ಇಲಾಖೆ, ಶಾರ್ಜಾ ಮೊದಲಾದ ಉತ್ತರದ ಎಮಿರೇಟುಗಳಿಗೆ ಕೇಂದ್ರ ಆರೋಗ್ಯ ಸಚಿವಾಲಯ. ಅರ್ಹತೆಯ ನಿಯಮಗಳನ್ನು ಮೂರೂ ಸಂಸ್ಥೆಗಳು ಪಿಕ್ಯೂಆರ್ ಎಂಬ ಒಂದೇ ಕೈಪಿಡಿಯಲ್ಲಿ ಒಗ್ಗೂಡಿಸಿವೆ. ಎಷ್ಟು ವರ್ಷದ ಅನುಭವ ಬೇಕೆಂಬುದು ಅದರ ಆವೃತ್ತಿಗಳಲ್ಲಿ ಬದಲಾಗುತ್ತ ಬಂದಿದೆ. ಹಾಗಾಗಿ ಅರ್ಜಿ ಹಾಕುವ ದಿನದ ಆವೃತ್ತಿಯನ್ನೇ ನೋಡಬೇಕು.

ದಾಖಲೆ ಪರಿಶೀಲನೆಯ ಕೆಲಸ ಹೆಚ್ಚಾಗಿ ಡೇಟಾಫ್ಲೋ ಎಂಬ ಕಂಪನಿಯದು. ಅಭ್ಯರ್ಥಿ ಕೊಟ್ಟ ನಕಲನ್ನು ನಂಬದೆ, ಪದವಿ ಕೊಟ್ಟ ವಿಶ್ವವಿದ್ಯಾಲಯ, ನೋಂದಣಿ ಮಾಡಿದ ಪರಿಷತ್ತು, ಕೆಲಸ ಕೊಟ್ಟ ಅಂಗಡಿ ಅಥವಾ ಆಸ್ಪತ್ರೆಗಳನ್ನೇ ನೇರವಾಗಿ ಕೇಳುವುದು ಇದರ ವಿಧಾನ. ಇಲ್ಲಿ ಹಳ್ಳಿ ಮತ್ತು ಸಣ್ಣ ಊರಿನ ಅನುಭವ ಪತ್ರಗಳು ಕಷ್ಟಕ್ಕೆ ಸಿಕ್ಕಿಕೊಳ್ಳುತ್ತವೆ. ಲೆಟರ್‌ಹೆಡ್, ಅಂಗಡಿಯ ಲೈಸೆನ್ಸ್ ಸಂಖ್ಯೆ, ಚಾಲ್ತಿಯಲ್ಲಿರುವ ಫೋನು ಮತ್ತು ಇಮೇಲ್, ಸೇರಿದ ಹಾಗೂ ಬಿಟ್ಟ ದಿನಾಂಕ ಇವು ಇರಲೇಬೇಕು. ತಮ್ಮ ಸರ್ಟಿಫಿಕೇಟನ್ನು ಅಂಗಡಿಗೆ ಕೊಟ್ಟು ಬೇರೆಲ್ಲೋ ಇದ್ದವರು ಆ ಅವಧಿಯನ್ನು ಅನುಭವವೆಂದು ತೋರಿಸಿದರೆ ಪರಿಶೀಲನೆಯಲ್ಲಿ ಸಿಕ್ಕಿಬೀಳುವ ಸಂಭವ ಉಂಟು. ಪ್ರತಿಕೂಲ ವರದಿ ಬಂದರೆ ಒಂದು ದೇಶದ ಬಾಗಿಲಷ್ಟೇ ಮುಚ್ಚುವುದಿಲ್ಲ, ಇತರ ದೇಶಗಳ ಅರ್ಜಿಗೂ ಅಡ್ಡಿಯಾಗಬಹುದು.

ಪರೀಕ್ಷೆ ಸಾಮಾನ್ಯವಾಗಿ ಪ್ರೊಮೆಟ್ರಿಕ್ ಕೇಂದ್ರಗಳಲ್ಲಿ ನಡೆಯುತ್ತದೆ. ಜನರ ಮಾತಿನಲ್ಲಿ ಇಡೀ ಪರವಾನಗಿಯೇ ‘ಪ್ರೊಮೆಟ್ರಿಕ್’ ಆಗಿಬಿಟ್ಟಿದೆ. ವಿಜಯಪುರದವರು ಬೆಂಗಳೂರು ಅಥವಾ ಹೈದರಾಬಾದಿನ ಕೇಂದ್ರಗಳಿಗೆ ಹೋಗುತ್ತಾರೆ. ಪಾಸಾದವರಿಗೆ ಮೊದಲು ಸಿಗುವುದು ಅರ್ಹತಾ ಪತ್ರ. ಅಲ್ಲಿನ ಆಸ್ಪತ್ರೆಯೋ ಔಷಧಾಲಯವೋ ಕೆಲಸಕ್ಕೆ ತೆಗೆದುಕೊಂಡಾಗ ಆ ಪತ್ರ ಪರವಾನಗಿಯಾಗುತ್ತದೆ. ಅಂದರೆ ಪರವಾನಗಿ ಮಾಲೀಕರಿಗೆ ಅಂಟಿಕೊಂಡಿರುತ್ತದೆ, ಕೆಲಸ ಬದಲಿಸಿದಾಗ ವರ್ಗಾವಣೆ ಮಾಡಿಸಬೇಕು.

ಸೌದಿ ಅರೇಬಿಯಾದಲ್ಲಿ ಈ ಕೆಲಸ 1992ರಲ್ಲಿ ಸ್ಥಾಪನೆಯಾದ ಆರೋಗ್ಯ ವಿಶೇಷತೆಗಳ ಆಯೋಗದ್ದು. ಅರ್ಜಿ ‘ಮುಮಾರಿಸ್ ಪ್ಲಸ್’ ತಾಣದ ಮೂಲಕ ಹೋಗುತ್ತದೆ. ಆದರೆ ಪರವಾನಗಿ ಸಿಕ್ಕರೂ ಕೆಲಸದ ಅವಕಾಶ ಕುಗ್ಗುತ್ತಿದೆ. ಸ್ವದೇಶಿಯರಿಗೆ ಮೀಸಲಿಡುವ ನೀತಿಯಂತೆ ಫಾರ್ಮಸಿ ಹುದ್ದೆಗಳಲ್ಲಿ 2020ರಲ್ಲಿ ಶೇ 20, 2021ರಲ್ಲಿ ಶೇ 30 ಸೌದಿ ಪ್ರಜೆಗಳಿಗೆ ಎಂದು ನಿಗದಿಯಾಯಿತು. 2025ರ ಜುಲೈನಿಂದ ಸಮುದಾಯ ಔಷಧಾಲಯಗಳಲ್ಲಿ ಶೇ 35, ಆಸ್ಪತ್ರೆಗಳಲ್ಲಿ ಶೇ 65 ಎಂದು ಏರಿತು. ಕತಾರ್, ಒಮಾನ್, ಬಹರೇನ್, ಕುವೈತ್‌ಗಳಿಗೂ ತಮ್ಮದೇ ಪರವಾನಗಿ ವ್ಯವಸ್ಥೆಗಳಿವೆ, ಕ್ರಮ ಹೆಚ್ಚೂಕಡಿಮೆ ಇದೇ.

ಕೊಲ್ಲಿಯ ಔಷಧ ಕಾನೂನು ಕಟ್ಟುನಿಟ್ಟು. ಟ್ರಮಡಾಲ್, ಕೋಡೀನ್ ಸೇರಿದ ನೋವಿನ ಹಾಗೂ ಕೆಮ್ಮಿನ ಔಷಧಗಳು ನಿಯಂತ್ರಿತ ಪಟ್ಟಿಯಲ್ಲಿವೆ. ನಮ್ಮ ಅಡುಗೆಮನೆಯ ಗಸಗಸೆ ಕೂಡ ಯುಎಇ ಮತ್ತು ಸೌದಿಯಲ್ಲಿ ನಿಷಿದ್ಧ. ಪ್ರಯಾಣಿಕರಾಗಿ ಹೋಗುವ ಫಾರ್ಮಸಿಸ್ಟರೂ ಇದನ್ನು ಅರಿತಿರಬೇಕು.

ಕೆನಡಾ

ಕೆನಡಾದಲ್ಲಿ ಅರ್ಜಿ ‘ಫಾರ್ಮಸಿಸ್ಟ್ಸ್ ಗೇಟ್‌ವೇ ಕೆನಡಾ’ ತಾಣದಲ್ಲಿ ಹೆಸರು ದಾಖಲಿಸುವುದರಿಂದ ಶುರುವಾಗುತ್ತದೆ. ಮುಂದಿನದು 1963ರಲ್ಲಿ ಸ್ಥಾಪನೆಯಾದ ಫಾರ್ಮಸಿ ಪರೀಕ್ಷಾ ಮಂಡಳಿಯ, ಅಂದರೆ ಪಿಇಬಿಸಿಯ, ಕೈಯಲ್ಲಿದೆ. ಅದರ ಹಂತಗಳು ಮೂರು: ದಾಖಲೆಗಳ ಮೌಲ್ಯಮಾಪನ, ಇವ್ಯಾಲ್ಯುಯೇಟಿಂಗ್ ಪರೀಕ್ಷೆ, ಕ್ವಾಲಿಫೈಯಿಂಗ್ ಪರೀಕ್ಷೆ. ನಾಲ್ಕು ವರ್ಷದ ಬಿ.ಫಾರ್ಮ್ ಇಲ್ಲಿ ಅರ್ಹ. ಮೊದಲ ಪರೀಕ್ಷೆ ಪದವಿಯ ಮಟ್ಟವನ್ನು ಅಳೆಯುತ್ತದೆ. ಎರಡನೆಯದರಲ್ಲಿ ಎರಡು ಭಾಗ: ಬಹು ಆಯ್ಕೆಯ ಪ್ರಶ್ನೆಗಳದು ಒಂದು, ಒಎಸ್‌ಸಿಇ ಎಂಬ ಪ್ರಾಯೋಗಿಕ ಪರೀಕ್ಷೆ ಇನ್ನೊಂದು. ಒಎಸ್‌ಸಿಇ ಕೆನಡಾದಲ್ಲಿಯೇ ನಡೆಯುತ್ತದೆ. ಅಭ್ಯರ್ಥಿ ಒಂದಾದ ಮೇಲೊಂದು ಕೊಠಡಿಗೆ ಹೋಗಿ, ರೋಗಿಯ ಪಾತ್ರ ವಹಿಸಿದ ಕಲಾವಿದರ ಜೊತೆ ನಿಗದಿತ ನಿಮಿಷಗಳಲ್ಲಿ ಮಾತಾಡಿ ಸಮಸ್ಯೆ ಪತ್ತೆಹಚ್ಚಿ ಸಲಹೆ ಕೊಡಬೇಕು. ಪ್ರತಿ ಪರೀಕ್ಷೆಗೆ ಪ್ರಯತ್ನಗಳ ಮಿತಿ ಇದೆ.

ಪಿಇಬಿಸಿ ಪ್ರಮಾಣಪತ್ರ ಪರವಾನಗಿಯಲ್ಲ. ಪರವಾನಗಿ ಕೊಡುವುದು ಆಯಾ ಪ್ರಾಂತ್ಯದ ಸಂಸ್ಥೆ, ಉದಾಹರಣೆಗೆ ಒಂಟಾರಿಯೊ ಫಾರ್ಮಸಿಸ್ಟರ ಕಾಲೇಜು. ಅದು ಭಾಷಾ ಅಂಕ, ಕಾನೂನು ಪರೀಕ್ಷೆ, ಮೇಲ್ವಿಚಾರಣೆಯ ಕೆಲಸ ಅಥವಾ ವೃತ್ತಿ ಮೌಲ್ಯಮಾಪನವನ್ನು ಕೇಳುತ್ತದೆ. ಹೊರದೇಶದವರಿಗಾಗಿ ಸೇತುಬಂಧ ಕೋರ್ಸುಗಳೂ ಇವೆ. ಕ್ವಿಬೆಕ್ ಪಿಇಬಿಸಿಯ ವ್ಯವಸ್ಥೆಯಲ್ಲಿಲ್ಲ, ಅಲ್ಲಿನ ಸಂಸ್ಥೆ ಪದವಿಯ ಸಮಾನತೆಯನ್ನು ತಾನೇ ತೀರ್ಮಾನಿಸುತ್ತದೆ ಮತ್ತು ಫ್ರೆಂಚ್ ಬೇಕು. ಪೂರ್ಣ ನೋಂದಣಿಗೆ ಸಮಯ ಹಿಡಿಯುವುದರಿಂದ ಕೆಲವರು ಅಷ್ಟರಲ್ಲಿ ಫಾರ್ಮಸಿ ಸಹಾಯಕರಾಗಿ ದುಡಿಯುತ್ತಾರೆ. ಈ ಕೆಲಸದಲ್ಲಿ ಅಲ್ಲಿನ ಔಷಧದ ಹೆಸರುಗಳೂ ವಿಮೆಯ ಲೆಕ್ಕಾಚಾರವೂ ರೂಢಿಯಾಗುತ್ತವೆ.

ಅಮೆರಿಕ

ವ್ಯಾಸಂಗದ ಅವಧಿ ಅತ್ಯಂತ ನಿರ್ಣಾಯಕವಾಗುವುದು ಅಮೆರಿಕದಲ್ಲಿ. ಅಲ್ಲಿನ ಫಾರ್ಮಸಿ ಮಂಡಳಿಗಳ ಒಕ್ಕೂಟ, ಎನ್‌ಎಬಿಪಿ, ವಿದೇಶಿ ಪದವೀಧರರಿಗೆ ಎಫ್‌ಪಿಜಿಇಸಿ ಎಂಬ ಪ್ರಮಾಣಪತ್ರ ಕೊಡುತ್ತದೆ. 2003ರ ಜನವರಿ 1ರ ನಂತರ ಪದವಿ ಪಡೆದವರ ಫಾರ್ಮಸಿ ಪಠ್ಯಕ್ರಮ ಕನಿಷ್ಠ ಐದು ವರ್ಷದ್ದಾಗಿರಬೇಕು, ಅದಕ್ಕೆ ಮೊದಲಿನವರಿಗೆ ನಾಲ್ಕು ವರ್ಷ ಸಾಕು ಎಂಬುದು ಅದರ ನಿಯಮ. ಅಮೆರಿಕದ ಕಾಲೇಜುಗಳು ಅದೇ ಕಾಲಕ್ಕೆ ಬಿ.ಫಾರ್ಮ್ ಮಟ್ಟದ ಪದವಿ ಕೈಬಿಟ್ಟು ಫಾರ್ಮ್.ಡಿಗೆ ಹೊರಳಿದ್ದು ಇದರ ಹಿನ್ನೆಲೆ.

ಇದರಿಂದ ಒಂದೇ ಕಾಲೇಜಿನ, ಒಂದೇ ಕೋರ್ಸಿನ ಇಬ್ಬರ ಭವಿಷ್ಯ ಬೇರೆಯಾಯಿತು. 1990ರ ದಶಕದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದಿಂದ ಬಿ.ಫಾರ್ಮ್ ಪಡೆದವರು ಅರ್ಹರಾಗಿ ಉಳಿದರು, 2003ರಿಂದ ಈಚೆಗೆ ಪಡೆದವರು ಅನರ್ಹರಾದರು. ಬಿ.ಫಾರ್ಮ್ ಮೇಲೆ ಎರಡು ವರ್ಷದ ಎಂ.ಫಾರ್ಮ್ ಓದಿದರೂ ಕೊರತೆ ತುಂಬುವುದಿಲ್ಲ, ಏಕೆಂದರೆ ಎಂ.ಫಾರ್ಮ್ ಒಂದು ವಿಷಯದ ವಿಶೇಷ ಅಧ್ಯಯನವೇ ಹೊರತು ಫಾರ್ಮಸಿಸ್ಟರನ್ನು ಸಿದ್ಧಪಡಿಸುವ ಮೂಲ ಪದವಿಯಲ್ಲ. ಭಾರತದ ಆರು ವರ್ಷದ ಫಾರ್ಮ್.ಡಿ ಈ ಅಳತೆಯನ್ನು ದಾಟುತ್ತದೆ.

ಎಫ್‌ಪಿಜಿಇಸಿಗೆ ದಾಖಲೆ ಪರಿಶೀಲನೆ, ಟೋಫೆಲ್ ಮತ್ತು ಎಫ್‌ಪಿಜಿಇಇ ಎಂಬ ಪರೀಕ್ಷೆ ಪಾಸಾಗಬೇಕು. ಆಮೇಲೆ ರಾಜ್ಯದ ಫಾರ್ಮಸಿ ಮಂಡಳಿಯಲ್ಲಿ ಇಂಟರ್ನ್ ಆಗಿ ನೋಂದಾಯಿಸಿಕೊಂಡು ನಿಗದಿತ ಗಂಟೆಗಳ ತರಬೇತಿ ಪಡೆಯಬೇಕು, ಹಲವು ರಾಜ್ಯಗಳಲ್ಲಿ ಇದು 1,500 ಗಂಟೆಗಳ ಆಸುಪಾಸು. ಕೊನೆಗೆ ನ್ಯಾಪ್ಲೆಕ್ಸ್ ಪರೀಕ್ಷೆ ಮತ್ತು ಬಹಳಷ್ಟು ರಾಜ್ಯಗಳಲ್ಲಿ ಎಂಪಿಜೆಇ ಎಂಬ ಕಾನೂನು ಪರೀಕ್ಷೆ. ಅರ್ಹತೆ ಸಿಗದ ಬಿ.ಫಾರ್ಮ್ ಪದವೀಧರರು ಅಲ್ಲಿನ ಕಾಲೇಜಿನಲ್ಲೇ ಫಾರ್ಮ್.ಡಿಗೆ ಸೇರುತ್ತಾರೆ, ಇಲ್ಲವೆ ಎಂ.ಎಸ್. ಮಾಡಿ ಔಷಧ ಉದ್ಯಮ, ಕ್ಲಿನಿಕಲ್ ಸಂಶೋಧನೆಯ ಕಡೆ ತಿರುಗುತ್ತಾರೆ. ಉದ್ಯಮದ ಹುದ್ದೆಗಳಿಗೆ ಫಾರ್ಮಸಿಸ್ಟ್ ಪರವಾನಗಿ ಬೇಕಿಲ್ಲ.

ಬ್ರಿಟನ್ ಮತ್ತು ಐರ್ಲೆಂಡ್

ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳ ನೋಂದಣಿ 2010ರಿಂದ ಜನರಲ್ ಫಾರ್ಮಸ್ಯೂಟಿಕಲ್ ಕೌನ್ಸಿಲ್‌ನದು. ಉತ್ತರ ಐರ್ಲೆಂಡಿಗೆ ಬೇರೆ ಸಂಸ್ಥೆ ಇದೆ. ಭಾರತದ ಪದವೀಧರರು ಓಸ್‌ಪ್ಯಾಪ್ ಎಂಬ ಒಂದು ವರ್ಷದ ಸ್ನಾತಕೋತ್ತರ ಕೋರ್ಸನ್ನು ಅಲ್ಲಿನ ಮಾನ್ಯತೆ ಪಡೆದ ವಿಶ್ವವಿದ್ಯಾಲಯದಲ್ಲಿ ಓದಬೇಕು. ಆಸ್ಟನ್, ಬ್ರೈಟನ್, ಸಂಡರ್‌ಲ್ಯಾಂಡ್ ಇದನ್ನು ನಡೆಸಿದ ವಿಶ್ವವಿದ್ಯಾಲಯಗಳಲ್ಲಿ ಸೇರಿವೆ. ಆಮೇಲೆ 52 ವಾರಗಳ ಫೌಂಡೇಶನ್ ತರಬೇತಿ. ಮೊದಲು ಇದಕ್ಕೆ ಪ್ರೀ-ರಿಜಿಸ್ಟ್ರೇಷನ್ ಎಂಬ ಹೆಸರಿತ್ತು. ಕೊನೆಗೆ ನೋಂದಣಿ ಪರೀಕ್ಷೆ, ಅದಕ್ಕೆ ಮೂರು ಪ್ರಯತ್ನಗಳು ಮಾತ್ರ. ಕೌನ್ಸಿಲ್ 2021ರಲ್ಲಿ ಹೊರಡಿಸಿದ ಶಿಕ್ಷಣ ಮಾನದಂಡಗಳು ಫಾರ್ಮಸಿಸ್ಟರೇ ಔಷಧ ಚೀಟಿ ಬರೆಯುವ ಅಧಿಕಾರದ ಕಡೆಗೆ ತರಬೇತಿಯನ್ನು ಒಯ್ದಿವೆ. ಓಸ್‌ಪ್ಯಾಪ್ ಶುಲ್ಕ ಮತ್ತು ವಿದ್ಯಾರ್ಥಿ ವೀಸಾದ ಖರ್ಚು ಅಭ್ಯರ್ಥಿಯದು, ತರಬೇತಿಯ ವರ್ಷದಲ್ಲಿ ಸಂಬಳ ಸಿಗುತ್ತದೆ. ಐರ್ಲೆಂಡಿನ ಫಾರ್ಮಸಿ ಸಂಸ್ಥೆ ಯುರೋಪಿನ ಹೊರಗಿನ ಪದವಿಗಳಿಗೆ ಪ್ರತ್ಯೇಕ ಮಾನ್ಯತಾ ಪ್ರಕ್ರಿಯೆ ಇಟ್ಟಿದೆ.

ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್

ಆಸ್ಟ್ರೇಲಿಯಾದಲ್ಲಿ ಅರ್ಹತೆ ಅಳೆಯುವುದು ಆಸ್ಟ್ರೇಲಿಯನ್ ಫಾರ್ಮಸಿ ಕೌನ್ಸಿಲ್, ನೋಂದಾಯಿಸುವುದು ಫಾರ್ಮಸಿ ಬೋರ್ಡ್. ನಾಲ್ಕು ವರ್ಷದ ಬಿ.ಫಾರ್ಮ್ ಇಲ್ಲಿಗೂ ಸಾಕು. ಬ್ರಿಟನ್, ಐರ್ಲೆಂಡ್, ಕೆನಡಾ, ಅಮೆರಿಕಗಳಲ್ಲಿ ನೋಂದಣಿ ಪಡೆದವರಿಗೆ ಒಂದು ಮಾರ್ಗ, ಭಾರತ ಸೇರಿದಂತೆ ಉಳಿದವರಿಗೆ ಇನ್ನೊಂದು. ಈ ಎರಡನೆಯ ಮಾರ್ಗದಲ್ಲಿ ಕ್ಯಾಪ್ಸ್ ಎಂಬ ಎರಡು ಪತ್ರಿಕೆಗಳ ಪರೀಕ್ಷೆ ಬಹಳ ವರ್ಷ ನಡೆಯಿತು. 2025ರಲ್ಲಿ ಅದರ ಜಾಗಕ್ಕೆ ಓಪ್ರಾ ಎಂಬ ಒಂದೇ ಪತ್ರಿಕೆಯ ಪರೀಕ್ಷೆ ಬಂದಿತು. ರಸಾಯನಶಾಸ್ತ್ರ, ಔಷಧ ತಯಾರಿಕೆಗಳ ತೂಕ ಇಳಿದು ರೋಗ ಚಿಕಿತ್ಸೆ ಮತ್ತು ರೋಗಿಯ ಆರೈಕೆಯ ಪ್ರಶ್ನೆಗಳ ತೂಕ ಏರಿದ್ದು ಈ ಬದಲಾವಣೆಯ ಮುಖ್ಯಾಂಶ. ಪಾಸಾದವರು ತಾತ್ಕಾಲಿಕ ನೋಂದಣಿ ಪಡೆದು ಮೇಲ್ವಿಚಾರಣೆಯ ಇಂಟರ್ನ್‌ಶಿಪ್ ಮುಗಿಸಿ, ಲಿಖಿತ ಮತ್ತು ಮೌಖಿಕ ಪರೀಕ್ಷೆ ಎದುರಿಸಬೇಕು. ನ್ಯೂಜಿಲೆಂಡ್ ತನ್ನ ಫಾರ್ಮಸಿ ಕೌನ್ಸಿಲ್ ಮೂಲಕ ಇದೇ ಪ್ರವೇಶ ಪರೀಕ್ಷೆಯನ್ನು ಬಳಸಿಕೊಳ್ಳುತ್ತದೆ.

ವೃತ್ತಿಯ ವ್ಯತ್ಯಾಸ ಮತ್ತು ಪರೀಕ್ಷಾ ಸಿದ್ಧತೆ

ಈ ಪರೀಕ್ಷೆಗಳು ಕಷ್ಟವಾಗುವುದಕ್ಕೆ ಪಠ್ಯಜ್ಞಾನದ ಕೊರತೆಗಿಂತ ವೃತ್ತಿಯ ರೀತಿಯಲ್ಲಿನ ಅಂತರವೇ ಹೆಚ್ಚು ಕಾರಣ. ಹಳೆಯ ಬಿ.ಫಾರ್ಮ್ ಪಠ್ಯ ಔಷಧ ಕಾರ್ಖಾನೆಯನ್ನು ಕಣ್ಣೆದುರಿಗೆ ಇಟ್ಟುಕೊಂಡು ರೂಪುಗೊಂಡದ್ದು: ಗುಳಿಗೆ ತಯಾರಿ, ವಿಶ್ಲೇಷಣೆ, ಔಷಧ ರಸಾಯನ. ಹೊರದೇಶಗಳ ಪರೀಕ್ಷೆ ರೋಗಿಯನ್ನು ಎದುರಿಗೆ ಕೂರಿಸುತ್ತದೆ. ಮೂತ್ರಪಿಂಡ ದುರ್ಬಲವಾದವರಿಗೆ ಎಷ್ಟು ಪ್ರಮಾಣ, ವಾರ್ಫರಿನ್ ತೆಗೆದುಕೊಳ್ಳುವವರಿಗೆ ಯಾವ ನೋವಿನ ಗುಳಿಗೆ ಬೇಡ, ಬಸುರಿಗೆ ಯಾವುದು ಅಪಾಯ ಎಂಬಂಥ ಪ್ರಶ್ನೆಗಳು ಬರುತ್ತವೆ.

ಭಾರತದ ಅಂಗಡಿಗಳಲ್ಲಿ ಬ್ರ್ಯಾಂಡ್ ಹೆಸರು ಮತ್ತು ಹಲವು ಔಷಧ ಬೆರೆಸಿದ ಸಂಯುಕ್ತ ಗುಳಿಗೆಗಳ ಬಳಕೆ ವ್ಯಾಪಕ. ಕೇಂದ್ರ ಸರ್ಕಾರ 2016ರಲ್ಲಿ 344, 2018ರಲ್ಲಿ 328 ಇಂಥ ಸಂಯುಕ್ತಗಳನ್ನು ನಿಷೇಧಿಸಿತು. ಪರೀಕ್ಷೆಯಲ್ಲಿ ಮೂಲ ಔಷಧದ ಹೆಸರೇ ಬರುತ್ತದೆ, ಅದೂ ದೇಶಕ್ಕೊಂದು ಬಗೆ. ನಮ್ಮ ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸಿಟಮಿನೋಫೆನ್, ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್, ಅಡ್ರಿನಲಿನ್ ಅಲ್ಲಿ ಎಪಿನೆಫ್ರಿನ್. ರಕ್ತದ ಸಕ್ಕರೆಯನ್ನು ಭಾರತ, ಅಮೆರಿಕಗಳಲ್ಲಿ ಡೆಸಿಲೀಟರಿಗೆ ಮಿಲಿಗ್ರಾಂನಲ್ಲಿ ಅಳೆದರೆ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಲೀಟರಿಗೆ ಮಿಲಿಮೋಲ್‌ನಲ್ಲಿ ಅಳೆಯುತ್ತಾರೆ. ಮೊದಲಿನದನ್ನು 18ರಿಂದ ಭಾಗಿಸಿದರೆ ಎರಡನೆಯದು ಸಿಗುತ್ತದೆ: 126 ಎಂಬುದು ಅಲ್ಲಿ 7.

ಕೌಂಟರಿನ ನಡವಳಿಕೆಯೂ ಬೇರೆ. ತಿಕೋಟಾ, ಬಬಲೇಶ್ವರದಂಥ ಊರಿನಲ್ಲಿ ಗಿರಾಕಿಯ ಪರಿಚಯ ಅಂಗಡಿಯವರಿಗೆ ಮೊದಲೇ ಇರುತ್ತದೆ. ‘ಜ್ವರದ ಗುಳಿಗಿ ಕೊಡ್ರಿ’ ಎಂದವರಿಗೆ ಗುಳಿಗೆ ಕತ್ತರಿಸಿ ಕೊಟ್ಟು, ಊಟವಾದ ಮೇಲೆ ತಗೊಳ್ರಿ ಎಂದರೆ ಮಾತು ಮುಗಿಯುತ್ತದೆ. ಒಎಸ್‌ಸಿಇಯಂಥ ಪರೀಕ್ಷೆಯಲ್ಲಿ ಹೆಸರು ಖಚಿತಪಡಿಸಿಕೊಳ್ಳುವುದು, ಅಲರ್ಜಿ, ಬೇರೆ ಔಷಧ, ಇತರ ಕಾಯಿಲೆ ವಿಚಾರಿಸುವುದು, ಹೇಳಿದ್ದನ್ನು ರೋಗಿಯಿಂದ ಮರಳಿ ಹೇಳಿಸುವುದು, ಯಾವಾಗ ವೈದ್ಯರ ಬಳಿ ಹೋಗಬೇಕೆಂದು ತಿಳಿಸುವುದು ಒಂದೊಂದಕ್ಕೂ ಅಂಕವಿದೆ. ಭಾರತದಲ್ಲೂ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ರೋಗಿಗೆ ಸಲಹೆ ನೀಡುವುದನ್ನು ಫಾರ್ಮಸಿಸ್ಟರ ಕರ್ತವ್ಯವೆಂದು ಹೇಳುತ್ತದೆ. ಅದನ್ನು ಊರಿನ ಅಂಗಡಿಯಲ್ಲೇ ರೂಢಿಸಿಕೊಂಡವರಿಗೆ ಪ್ರಾಯೋಗಿಕ ಪರೀಕ್ಷೆ ಅಪರಿಚಿತವೆನಿಸುವುದಿಲ್ಲ.

ಭಾರತಕ್ಕೆ ಮರಳುವಿಕೆ

ವಿದೇಶದಲ್ಲಿ ನೋಂದಣಿ ಪಡೆದವರ ಭಾರತದ ನೋಂದಣಿ ತಾನಾಗಿ ರದ್ದಾಗುವುದಿಲ್ಲ. ಆದರೆ ರಾಜ್ಯ ಪರಿಷತ್ತಿನಲ್ಲಿ ನವೀಕರಣ ತಪ್ಪಿದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಮರಳಿ ಬಂದು ವಿಜಯಪುರದಲ್ಲಿ ಅಂಗಡಿ ತೆರೆಯಬೇಕೆನ್ನುವವರು ಅದನ್ನು ಚಾಲ್ತಿಯಲ್ಲಿಟ್ಟುಕೊಳ್ಳಬೇಕು. ಮೂಲ ಫಾರ್ಮಸಿ ಪದವಿಯನ್ನೇ ಹೊರದೇಶದಲ್ಲಿ ಪಡೆದವರ ಪಾಡು ಬೇರೆ. 1948ರ ಕಾಯ್ದೆಯ 14ನೆಯ ಕಲಮಿನ ಅಡಿಯಲ್ಲಿ ಪಿಸಿಐ ಆ ಅರ್ಹತೆಯನ್ನು ಒಪ್ಪಿದ ಮೇಲೆಯೇ ಅವರು ರಾಜ್ಯ ಪರಿಷತ್ತಿಗೆ ಅರ್ಜಿ ಹಾಕಬಹುದು. ವಿಜಯಪುರದ ಪದವೀಧರರಿಂದ ಹೊರದೇಶ ಕೇಳುವ ಪಠ್ಯಕ್ರಮದ ವಿವರ, ಮೂಲ ಸಂಸ್ಥೆಯ ದೃಢೀಕರಣ ಮುಂತಾದವನ್ನೇ ಈ ಅರ್ಜಿದಾರರಿಂದ ಭಾರತವೂ ಕೇಳುತ್ತದೆ.